ಕಾದಂಬರಿಯ ಡಾಲ್ಫಿನ್ನುಗಳೂ ಕಾಣದ ವಿಷವೂ

ಶ್ರೀ ಅಮಿತಾವ್ ಘೋಷರ ‘ಗನ್ ಐಲೆಂಡ್’ (2019) ಕಾದಂಬರಿಯಲ್ಲಿ ಸುಂದರಬನದ ಡಾಲ್ಫಿನ್ನುಗಳು ಹಿಂಡಾಗಿ ದಡಕ್ಕೆ ಬಿದ್ದು ಸಾಯುವ ಸನ್ನಿವೇಶವೊಂದುಂಟು. ಮೇಲಣ ಹರಿವಿನಲ್ಲಿ ಒಂದು ರಿಫೈನರಿ. ಅದರ ಹೊಲಸು ನದಿಗೆ ಸೇರುತ್ತಿದೆ. ಡಾಲ್ಫಿನ್ನುಗಳನ್ನೇ ಜೀವಮಾನದ ಅಭ್ಯಾಸವಾಗಿಸಿಕೊಂಡ ವಿಜ್ಞಾನಿ ಪಿಯಾ ಅದರ ವಿರುದ್ಧ ನಿಂತಿದ್ದಾಳೆ. ಓದುವಾಗ ಮನಸ್ಸು ಕಲಕುತ್ತದೆ. ಕಲಕಿದ್ದು ತಿಳಿಯಾದ ಮೇಲೆ ಒಂದು ಸಂದೇಹ ಉಳಿಯುತ್ತದೆ: ರಾಸಾಯನಿಕ ವಿಷ ಡಾಲ್ಫಿನ್ನನ್ನು ಕೆಡಿಸುವುದು ಹೀಗೆಯೇ?

ವಿಷಯ ಬಲ್ಲವರು ಹೇಳುವ ಕಥೆಯೇ ಬೇರೆ. ಡಿಡಿಟಿ, ಪಿಸಿಬಿ ಮುಂತಾದುವು ನೀರಿನಲ್ಲಿ ಕರಗದೆ ಕೊಬ್ಬಿನಲ್ಲಿ ಕರಗುವ ಪದಾರ್ಥಗಳು. ಸಣ್ಣ ಮೀನಿನಿಂದ ದೊಡ್ಡ ಮೀನಿಗೆ, ಅಲ್ಲಿಂದ ಡಾಲ್ಫಿನ್ನಿಗೆ ಸಾಗುವಾಗ ಹಂತಹಂತಕ್ಕೂ ಸಾಂದ್ರವಾಗಿ, ಅದರ ತೊಗಲಿನಡಿಯ ಕೊಬ್ಬಿನಲ್ಲಿ ವರ್ಷಗಟ್ಟಲೆ ಕುಳಿತಿರುತ್ತವೆ. ರೋಗವನ್ನು ತಡೆಯುವ ಶಕ್ತಿ ಕುಂದುತ್ತದೆ, ಸಂತಾನಶಕ್ತಿ ಕೆಡುತ್ತದೆ. ಗಂಡಿನಲ್ಲಿ ಈ ಹೊರೆ ವಯಸ್ಸಿನೊಡನೆ ಏರುತ್ತಲೇ ಹೋಗುತ್ತದೆ. ಹೆಣ್ಣಿನಲ್ಲಿ ಮಾತ್ರ ಅದು ಇಳಿಯುವುದಕ್ಕೆ ಒಂದು ದಾರಿಯಿದೆ. ಆ ದಾರಿ ಮೊಲೆಹಾಲು. ಫ್ಲಾರಿಡದ ಸರಸೋಟ ಕೊಲ್ಲಿಯಲ್ಲಿ 1970ರಿಂದ ಒಂದೇ ಡಾಲ್ಫಿನ್ ಸಮುದಾಯವನ್ನು ತಲೆಮಾರುಗಳುದ್ದಕ್ಕೂ ಗಮನಿಸುತ್ತ ಬಂದವರು, ಹೆತ್ತ ಮೇಲೆ ತಾಯಿಯ ಮೈಯ ವಿಷ ತಗ್ಗುವುದನ್ನೂ, ಚೊಚ್ಚಲ ಮರಿಗಳು ಆಮೇಲಿನ ಮರಿಗಳಿಗಿಂತ ಹೆಚ್ಚಾಗಿ ಸಾಯುವುದನ್ನೂ ಕಂಡಿದ್ದಾರೆ. ಪೂತನಿಗೆ ತನ್ನ ಎದೆಯಲ್ಲಿ ವಿಷವಿದೆಯೆಂಬುದು ಗೊತ್ತಿತ್ತು. ಈ ತಾಯಿಗೆ ಗೊತ್ತಿಲ್ಲ.

2016ರ ಜನವರಿಯಲ್ಲಿ ಸ್ಕಾಟ್ಲೆಂಡಿನ ಟೈರೀ ದ್ವೀಪದ ದಡಕ್ಕೆ ಲುಲು ಎಂಬ ಹೆಣ್ಣು ಓರ್ಕದ ಹೆಣ ಬಂದು ಬಿತ್ತು. (ಓರ್ಕವನ್ನು ಜನ ತಿಮಿಂಗಿಲವೆಂದು ಕರೆದರೂ ಅದು ಡಾಲ್ಫಿನ್ ಕುಲದ್ದೇ.) ಸತ್ತದ್ದು ಮೀನುಗಾರಿಕೆಯ ಹಗ್ಗಕ್ಕೆ ಸಿಕ್ಕಿ. ಆದರೆ ಕೊಬ್ಬನ್ನು ಪರೀಕ್ಷಿಸಿದಾಗ ಕಿಲೋಗ್ರಾಮಿಗೆ 957 ಮಿಲಿಗ್ರಾಂ ಪಿಸಿಬಿ ಇದ್ದಿತು. 9 ಮೀರಿದರೇ ಹಾನಿಯೆಂಬುದು ವಿಜ್ಞಾನಿಗಳ ಲೆಕ್ಕ. ಇಪ್ಪತ್ತು ವರ್ಷವಾದರೂ ಆಗಿದ್ದ ಆ ಜೀವ ಒಮ್ಮೆಯೂ ಗರ್ಭ ಧರಿಸಿದ ಕುರುಹಿರಲಿಲ್ಲ. ಹಗ್ಗ ಎಲ್ಲರಿಗೂ ಕಂಡಿತು. ಹುಟ್ಟದೆ ಹೋದ ಮರಿಗಳು ಯಾರಿಗೆ ಕಾಣಬೇಕು?

ಘೋಷರ ಹಿಂದಿನ ಕಾದಂಬರಿ ‘ದಿ ಹಂಗ್ರಿ ಟೈಡ್’ನಲ್ಲಿ (2004) ಯಂತ್ರದೋಣಿಯ ಏಟಿಗೆ ಸತ್ತ ಮರಿಯೊಂದು ಬರುತ್ತದೆ. ಅಲ್ಲಿ ಗಾಯ ಕಣ್ಣಿಗೆ ಕಾಣುತ್ತದೆ, ಬರವಣಿಗೆಯೂ ಅದಕ್ಕೆ ತಕ್ಕಂತೆ ಮಿತವಾಗಿದೆ. ಗಾಯವಿಲ್ಲದ ಸಾವನ್ನು ಹೇಳಬೇಕಾದಾಗ ಲೇಖಕರು ಅದ್ಭುತದ ಮೊರೆಹೊಕ್ಕರು. ಇದು ಆಕಸ್ಮಿಕವಲ್ಲ. ‘ದಿ ಗ್ರೇಟ್ ಡಿರೇಂಜ್‌ಮೆಂಟ್’ನಲ್ಲಿ (2016) ಅವರೇ ವಾದಿಸಿದ್ದರು: ಆಧುನಿಕ ಕಾದಂಬರಿ ದಿನನಿತ್ಯದ ಸಂಭಾವ್ಯತೆಗೆ ಕಟ್ಟುಬಿದ್ದು, ಪ್ರಕೃತಿಯ ಅಸಾಧಾರಣ ಘಟನೆಗಳನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲವೆಂದು. ಚಂಡಮಾರುತದ ಮಟ್ಟಿಗೆ ಈ ಮಾತು ಒಪ್ಪತಕ್ಕದ್ದೇ. ಆದರೆ ಈ ವಿಷ ಅಸಾಧಾರಣವಲ್ಲ; ಅತಿ ಸಾಧಾರಣವಾದದ್ದು. ಅದಕ್ಕೆ ಸಲ್ಲುವ ರಸ ಅದ್ಭುತವಲ್ಲ, ಕರುಣ.

ಖಳನ ವಿಷಯದಲ್ಲಿಯೂ ನನ್ನ ತಕರಾರಿದೆ. ರಿಫೈನರಿಯನ್ನು ತೋರಿಸಿದರೆ ಓದುಗನಿಗೆ ನೆಮ್ಮದಿ. ತಪ್ಪು ಮಾಡಿದವರು ಬೇರೆ ಯಾರೋ. ಗಂಗೆಯ ಡಾಲ್ಫಿನ್ನುಗಳ ಕೊಬ್ಬಿನಲ್ಲಿ 1990ರ ದಶಕದ ಪರೀಕ್ಷೆಗಳು ಕಂಡ ಡಿಡಿಟಿಯಾದರೋ ಹೊಲಗಳಿಗೂ ಮನೆಯ ಗೋಡೆಗಳಿಗೂ ನಾವೇ ಹೊಡೆದದ್ದು. ನಮ್ಮಲ್ಲಿ ಬೇಸಾಯಕ್ಕೆ ಅದರ ನಿಷೇಧವಾದದ್ದು 1989ರಲ್ಲಿ. ಸೊಳ್ಳೆಗಾಗಿ ಬಳಕೆ ಆಮೇಲೂ ನಡೆಯಿತು. ಅದೇ ಮದ್ದು ಎಷ್ಟೋ ಮಕ್ಕಳನ್ನು ಮಲೇರಿಯದಿಂದ ಉಳಿಸಿತು. ಈ ತೊಡಕಿನೊಳಗೆ ಕಾದಂಬರಿಕಾರ ಇಳಿಯಬೇಕಿತ್ತು. ಪಿಯಾಳಂಥ ಪಾತ್ರ ಕೈಯಲ್ಲಿದ್ದೂ ಇಳಿಯದೆ ಹೋದದ್ದು ನನಗೆ ದೊಡ್ಡ ನಷ್ಟವೆನಿಸುತ್ತದೆ.

ನಿಧಾನವಾದದ್ದು ಕಾದಂಬರಿಗೆ ಒಗ್ಗದೆನ್ನುವಂತಿಲ್ಲ. ಕಾರಂತರ ‘ಮರಳಿ ಮಣ್ಣಿಗೆ’ ಕಡಲ ತಡಿಯ ಒಂದೇ ಮನೆಯ ಮೂರು ತಲೆಮಾರನ್ನು ನಡೆಸಿಕೊಂಡು ಹೋಗುತ್ತದೆ. ಒಬ್ಬರು ಹೊತ್ತ ಹೊರೆ ಇನ್ನೊಬ್ಬರ ಹೆಗಲಿಗೆ ಇಳಿಯುವುದನ್ನು ಅವಸರವಿಲ್ಲದೆ ತೋರಿಸುತ್ತದೆ. ತಾಯಿಯಿಂದ ಮರಿಗೆ ಇಳಿಯುವ ವಿಷಕ್ಕೂ ಬೇಕಾದದ್ದು ಅಂಥ ಬಂಧವೇ. ಬ್ರೂಕ್ಲಿನ್ನಿನಿಂದ ವೆನಿಸ್ಸಿಗೆ ಹಾರುವ ‘ಗನ್ ಐಲೆಂಡ್’ಗೆ ಅಷ್ಟು ಹೊತ್ತು ನಿಲ್ಲುವ ವ್ಯವಧಾನವಿಲ್ಲ.

ಆದರೂ ಈ ಪ್ರಶ್ನೆಗಳನ್ನು ಎಬ್ಬಿಸುವ ಮಟ್ಟಿಗೆ ಪುಸ್ತಕ ಓದಲು ಯೋಗ್ಯವೇ. ಓದುವವರು ‘ಹಂಗ್ರಿ ಟೈಡ್’ ಮುಗಿಸಿಕೊಂಡೇ ಇದಕ್ಕೆ ಬರುವುದು ಲೇಸು. ಫೊಕಿರನನ್ನು ಅರಿಯದವರಿಗೆ ಇಲ್ಲಿ ಅವನ ಮಗ ಟೀಪು ಬರಿಯ ತುಂಟ ಹುಡುಗನಾಗಿ ಕಂಡಾನು.