ನಗವೋ ನಾಗವೋ: ಪ್ರಾಚೀನ ವರ್ಣಗಳ ಪುನರ್ನಿರ್ಮಾಣವೂ ಗ್ರಂಥಪಾಠವೂ

ಹಾರಂಗಿ ನದಿ ಹರಿಯುವ ಉತ್ತರ ಕೊಡಗಿನ ಮುಳ್ಳೂರಿನಲ್ಲಿ ಕೊಂಗಾಳ್ವರ ಕಾಲದ ಜಿನಾಲಯಗಳಿರುವುದೂ, ಅಲ್ಲಿಯ 11ನೆಯ ಶತಮಾನದ ಶಾಸನಗಳಲ್ಲಿ ಗುಣಸೇನ ಪಂಡಿತರ ಹೆಸರು ಬರುವುದೂ ವಾಚಕರಿಗೆ ವಿದಿತವೇ ಆಗಿದೆ. ಕೊಡಗಿನ ಶಾಸನಗಳನ್ನು ಬಿ. ಎಲ್. ರೈಸ್ ಅವರು 1886ರಲ್ಲಿ ಮೊದಲು ಅಚ್ಚು ಹಾಕಿಸಿದರು. 1914ರಲ್ಲಿ ಅವುಗಳನ್ನೇ ಪರಿಷ್ಕರಿಸಿ ಮತ್ತೆ ಹೊರತಂದರು. ಒಮ್ಮೆ ಓದಿದ್ದನ್ನು ಇನ್ನೊಮ್ಮೆ ಓದುವುದು, ಸಂಶಯ ಬಂದಲ್ಲಿ ಮೂಲಕ್ಕೆ ಮರಳುವುದು ಈ ಶಾಸ್ತ್ರದ ಮೊದಲ ನಿಯಮ. ಸಂಸ್ಕೃತದಲ್ಲಿ ವರ್ಣವೆಂದರೆ ಅಕ್ಷರವೂ ಹೌದು, ಬಣ್ಣವೂ ಹೌದು. ಅಕ್ಷರವೆಂಬ ವರ್ಣಕ್ಕೆ ದೊರೆತ ಈ ಪರಿಷ್ಕರಣೆಯ ಶಿಸ್ತು ಬಣ್ಣವೆಂಬ ವರ್ಣಕ್ಕೂ ದೊರೆಯಬೇಕೆಂಬುದೇ ಈ ವಿಮರ್ಶೆಯ ಪ್ರಯೋಜನ.

ಪ್ರಾಚೀನ ಚಿತ್ರಗಳ ಬಣ್ಣಗಳನ್ನು ಹಳೆಯ ವಿಧಿಗಳಂತೆ ಪ್ರಯೋಗಶಾಲೆಯಲ್ಲಿ ಮರಳಿ ತಯಾರಿಸಿ, ಅವುಗಳ ಲಕ್ಷಣಗಳನ್ನು ಮೂಲದೊಡನೆ ಹೋಲಿಸುವ ಪದ್ಧತಿ ಹೊಸದೇನಲ್ಲ. ಹಂಫ್ರಿ ಡೇವಿ 1815ರಲ್ಲಿ ರೋಮಿನ ಪ್ರಾಚೀನ ವರ್ಣಗಳನ್ನು ಪರೀಕ್ಷಿಸಿದಾಗ ತಾಮ್ರದಿಂದಾದ ನೀಲವರ್ಣವೊಂದನ್ನು ತಾನೇ ಕುಲುಮೆಯಲ್ಲಿ ಮಾಡಿ ನೋಡಿದ್ದುಂಟು. ದಕ್ಷಿಣ ದೇಶದಲ್ಲಿ ಮದರಾಸಿನ ಸರಕಾರಿ ವಸ್ತುಸಂಗ್ರಹಾಲಯದ ಎಸ್. ಪರಮಶಿವನ್ ಅವರು 1930ರ ದಶಕದಲ್ಲಿ ಸಿತ್ತನ್ನವಾಸಲ್, ತಂಜಾವೂರು, ಲೇಪಾಕ್ಷಿ ಮೊದಲಾದ ಕಡೆಗಳ ಭಿತ್ತಿಚಿತ್ರಗಳನ್ನು ರಸಾಯನಶಾಸ್ತ್ರದ ದೃಷ್ಟಿಯಿಂದ ಪರಿಶೀಲಿಸಿದರು. ಬಣ್ಣವನ್ನು ಮಾತ್ರವಲ್ಲದೆ ಅದರ ಕೆಳಗಿನ ಗಾರೆ, ಪದರ, ಅಂಟುಗಳನ್ನೂ ಅವರು ವಿಚಾರಿಸಿದ್ದು ಇಂದಿಗೂ ಅನುಕರಣೀಯ. 1928ರಲ್ಲಿ ಸಿ. ವಿ. ರಾಮನ್ ಅವರು ಕಂಡ ಬೆಳಕಿನ ಪರಿಣಾಮವೇ ಈಗ ವರ್ಣಪರೀಕ್ಷೆಯ ಮುಖ್ಯ ಸಾಧನವಾಗಿದೆ. 1997ರಲ್ಲಿ ಲಂಡನ್ನಿನ ವಿದ್ವಾಂಸರು ಈ ವಿಧಾನದಿಂದ 1850ಕ್ಕೆ ಹಿಂದಿನ ಅರವತ್ತಕ್ಕೂ ಮಿಕ್ಕ ವರ್ಣದ್ರವ್ಯಗಳನ್ನು ಪರೀಕ್ಷಿಸಿ ಒಂದು ಕೋಶವನ್ನೇ ಸಿದ್ಧಪಡಿಸಿದರು. ಇವೆಲ್ಲ ಶ್ಲಾಘನೀಯವೇ. ಆದರೆ ಯಾವ ಕೋಶವೂ ತನ್ನಲ್ಲಿಲ್ಲದ ಶಬ್ದಕ್ಕೆ ಅರ್ಥ ಹೇಳಲಾರದು. ಕನ್ನಡ ನಾಡಿನ ಓಲೆಯ ಮೇಲಿನ ವರ್ಣಕ್ಕೆ ಹೋಲಿಕೆಯ ಮಾದರಿ ಬೇಕಾದರೆ ಅದನ್ನು ಈ ನಾಡಿನ ವಿಧಿಯಂತೆಯೇ ಮಾಡಿಕೊಳ್ಳಬೇಕು.

ಅಂಥ ವಿಧಿ ದೊರೆಯುವುದು ಕಲ್ಯಾಣದಲ್ಲಿ 1126ರಿಂದ 1138ರವರೆಗೆ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನ ಅಭಿಲಷಿತಾರ್ಥಚಿಂತಾಮಣಿಯಲ್ಲಿ. ಮಾನಸೋಲ್ಲಾಸವೆಂಬುದು ಇದರದೇ ಇನ್ನೊಂದು ಹೆಸರು. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಇದರ ಮೊದಲ ಭಾಗವನ್ನು 1926ರಲ್ಲಿ ಪ್ರಕಟಿಸಿದರು. ಬರೋಡದ ಗಾಯಕವಾಡ ಮಾಲೆಯಲ್ಲಿ ಜಿ. ಕೆ. ಶ್ರೀಗೊಂಡೇಕರ್ ಅವರ ಆವೃತ್ತಿ 1925, 1939 ಮತ್ತು 1961ರಲ್ಲಿ ಮೂರು ಸಂಪುಟಗಳಾಗಿ ಹೊರಬಂದಿತು. ಬಿಳುಪಿಗೆ ಶಂಖ, ಕೆಂಪಿಗೆ ದರದ ಅಥವಾ ಇಂಗಲಿಕ, ಅರಗಿನ ರಸ, ಗೈರಿಕವೆಂಬ ಕೆಮ್ಮಣ್ಣು, ಹಳದಿಗೆ ಹರಿತಾಳ, ಕಪ್ಪಿಗೆ ಕಾಡಿಗೆ ಎಂದು ಶುದ್ಧವರ್ಣಗಳನ್ನು ಹೇಳಿ, ನೀಲಿಯೂ ಹರಿತಾಳವೂ ಕೂಡಿದರೆ ಹಸುರಾಗುವುದೆಂಬಂಥ ಮಿಶ್ರವರ್ಣಗಳನ್ನೂ ಈ ಗ್ರಂಥ ವಿವರಿಸುತ್ತದೆ. ಮೂಡಬಿದಿರೆಯ ಸಿದ್ಧಾಂತಗ್ರಂಥಗಳ ಸಚಿತ್ರ ತಾಡಪತ್ರಗಳು 12ನೆಯ ಶತಮಾನದ ಪೂರ್ವಾರ್ಧಕ್ಕೆ ಸೇರಿದವು. ವಿಧಿಯೂ ಚಿತ್ರವೂ ಹೀಗೆ ಒಂದೇ ನಾಡಿನಲ್ಲಿ, ಹೆಚ್ಚು ಕಡಮೆ ಒಂದೇ ಕಾಲದಲ್ಲಿ ಹುಟ್ಟಿದುವು. ಇಂಥ ಯೋಗ ವಿರಳ. ಆದುದರಿಂದಲೇ ಇಲ್ಲಿ ಎಚ್ಚರವೂ ಅಧಿಕವಾಗಿರಬೇಕು.

ಮೊದಲನೆಯ ಎಚ್ಚರ ಶಬ್ದದ ವಿಷಯದಲ್ಲಿ. ಭಿತ್ತಿಯನ್ನು ಬೆಳ್ಳಗೆ ಮಾಡಲು ಶಂಖದ ಪುಡಿಯ ಜೊತೆಗೆ ನೀಲಗಿರಿಯಲ್ಲಿ ಹುಟ್ಟಿದ, ಚಂದ್ರನಂತೆ ಬೆಳ್ಳಗಿರುವ 'ನಗ'ವೆಂಬ ಧಾತುವೊಂದನ್ನು ಸೋಮೇಶ್ವರನು ಹೇಳುತ್ತಾನೆ. ನಗವೆಂದರೆ ಬೆಟ್ಟ. ಇದೇ ಶಬ್ದಕ್ಕೆ ದೀರ್ಘವೊಂದು ಸೇರಿ 'ನಾಗ'ವಾದರೆ ರಸಗ್ರಂಥಗಳ ಪರಿಭಾಷೆಯಲ್ಲಿ ಅದು ಸೀಸ. ಓಲೆಯ ಮೇಲಿನ ಒಂದು ಸಣ್ಣ ಗುರುತಿನಿಂದ ಬಿಳಿಯ ಮಣ್ಣು ಸೀಸದ ಬಿಳುಪಾಗಿಬಿಡುತ್ತದೆ. ಪ್ರಯೋಗಶಾಲೆಯಲ್ಲಿ ಇದು ಬರಿಯ ಶಬ್ದಭೇದವಾಗಿ ಉಳಿಯುವುದಿಲ್ಲ. ಹರಿತಾಳವು ಪಾಷಾಣ ಮತ್ತು ಗಂಧಕಗಳ ಸಂಯುಕ್ತ. ಅದರ ಸಂಪರ್ಕದಲ್ಲಿ ಸೀಸದ ಬಿಳುಪು ಗಂಧಕದೊಡನೆ ಸೇರಿ ಕಪ್ಪಾಗುವ ಸಂಭವವುಂಟು. ಅಂದರೆ ನಾಗವೆಂದು ಓದಿ ಮಾಡಿದ ಮಾದರಿಯೂ ನಗವೆಂದು ಓದಿ ಮಾಡಿದ ಮಾದರಿಯೂ ಕಾಲಾಂತರದಲ್ಲಿ ಬೇರೆ ಬೇರೆ ಬಣ್ಣಗಳನ್ನೇ ತೋರಿಸಬಹುದು. ಸಂದರ್ಭವನ್ನು ನೋಡಿದರೆ ಹ್ರಸ್ವಪಾಠವೇ ಬಲವಾದುದು. ಗ್ರಂಥವು ಹೇಳುವುದು ಗಿರಿಯಲ್ಲಿ ಹುಟ್ಟಿದ, ಸ್ವಭಾವತಃ ಬಿಳಿಯಾದ ಧಾತುವನ್ನು. ಸೀಸವಾದರೋ ಬೂದುಬಣ್ಣದ್ದು, ಅದರ ಬಿಳುಪು ಹುಳಿಯ ಸಂಸ್ಕಾರದಿಂದ ಮನುಷ್ಯನು ಮಾಡಿಕೊಂಡದ್ದು. ಹೀಗಿದ್ದರೂ ಎರಡು ಮಾದರಿಗಳನ್ನೂ ಮಾಡಿ, ಬೆಳಕಿಗೂ ತೇವಕ್ಕೂ ಒಡ್ಡಿ ನೋಡುವುದು ಯುಕ್ತ. ತಿರಸ್ಕೃತ ಪಾಠವನ್ನೂ ಅಡಿಟಿಪ್ಪಣಿಯಲ್ಲಿ ಕೊಡುವುದು ಸಂಪಾದನೆಯ ಧರ್ಮವಷ್ಟೆ.

ವಿಚಿತ್ರವೆಂದರೆ ಸೀಸವನ್ನು ಕುರಿತ ಈ ಭ್ರಾಂತಿಗೆ ಯಂತ್ರವೂ ಹೊರತಲ್ಲ. ಕ್ಷ-ಕಿರಣಗಳನ್ನು ಬಿಟ್ಟು ಮೂಲವಸ್ತುಗಳನ್ನು ಗುರುತಿಸುವ ವಿಧಾನದಲ್ಲಿ ಪಾಷಾಣದ ಮುಖ್ಯ ರೇಖೆ 10.54 ಕಿಲೋ ಎಲೆಕ್ಟ್ರಾನ್ ವೋಲ್ಟುಗಳಲ್ಲಿಯೂ, ಸೀಸದ ಮುಖ್ಯ ರೇಖೆ 10.55ರಲ್ಲಿಯೂ ಬರುತ್ತವೆ. ಇವೆರಡನ್ನು ಬಿಡಿಸಿ ನೋಡುವ ಶಕ್ತಿ ಸಾಮಾನ್ಯ ಉಪಕರಣಕ್ಕಿಲ್ಲ. ಆದುದರಿಂದ ಹರಿತಾಳದ ಹಳದಿಯನ್ನು ಕಂಡು ಸೀಸವಿದೆಯೆನ್ನುವುದೂ, ಸೀಸವನ್ನು ಕಂಡು ಹರಿತಾಳವೆನ್ನುವುದೂ ಸಾಧ್ಯ. ಸೀಸದ ಇನ್ನೊಂದು ರೇಖೆ 12.61ರ ಸುಮಾರಿಗೆ ಇದೆಯೋ ಇಲ್ಲವೋ ಎಂದು ನೋಡಿದ ಮೇಲೆಯೇ ನಿರ್ಣಯಕ್ಕೆ ಬರಬೇಕು. ಒಂದೇ ಪ್ರತಿಯನ್ನು ನಂಬಿ ಪಾಠವನ್ನು ನಿಶ್ಚಯಿಸುವುದು ಹೇಗೆ ಅಪಾಯಕರವೋ ಒಂದೇ ರೇಖೆಯನ್ನು ನಂಬುವುದೂ ಹಾಗೆಯೇ. ಇದಲ್ಲದೆ ನೀಲಿ, ಅರಗು ಮೊದಲಾದ ಜೈವಿಕ ವರ್ಣಗಳು ಈ ವಿಧಾನದ ಕಣ್ಣಿಗೆ ಬೀಳುವುದೇ ಇಲ್ಲ. ಅವಕ್ಕೆ ರಾಮನ್ ವಿಧಾನವೋ ಪ್ರತಿಫಲಿತ ಬೆಳಕಿನ ಪರೀಕ್ಷೆಯೋ ಬೇಕು.

ಎರಡನೆಯ ಎಚ್ಚರ ಅಂಟಿನ ವಿಷಯದಲ್ಲಿ. ಸೋಮೇಶ್ವರನ ವಜ್ರಲೇಪ ಎಮ್ಮೆಯ ಚರ್ಮವನ್ನು ನೀರಿನಲ್ಲಿ ಬೇಯಿಸಿ ಮಾಡಿದ್ದು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿಯೂ ವಜ್ರಲೇಪವೆಂಬ ಹೆಸರಿದೆ. ಆದರೆ ಅಲ್ಲಿ ಮೊದಲು ಹೇಳಿದ ಪಾಕವು ಬೇಲದ ಎಳೆಗಾಯಿ, ಬೂರುಗದ ಹೂವು ಮೊದಲಾದ ಸಸ್ಯದ್ರವ್ಯಗಳದು. ಹೆಸರು ಒಂದು, ವಸ್ತು ಎರಡು. 'ವಜ್ರಲೇಪದಿಂದ ಮಾಡಿದ ಮಾದರಿ' ಎಂದಷ್ಟೇ ಬರೆದರೆ ವಾಚಕನಿಗೆ ಏನೂ ತಿಳಿಯದು.

ಆಗಮಗ್ರಂಥದ ಓಲೆಗೆ ಚರ್ಮದ ಅಂಟನ್ನು ಶ್ರಾವಕರು ಬಳಸಿರಲಾರರು, ಆದುದರಿಂದ ಅದು ಮರದ ಅಂಟೇ ಎಂದು ವಾದಿಸುವುದು ಸುಲಭ. ಈ ವಾದದ ಹಿಂದಿನ ಭಕ್ತಿ ಗೌರವಾರ್ಹವಾದುದು. ಆದರೆ ಭಕ್ತಿಯು ಪ್ರಮಾಣವಲ್ಲ. ಅರಗು ಕೀಟಜನ್ಯ, ಶಂಖವೂ ಪ್ರಾಣಿಜನ್ಯ. ಅವು ಚಿತ್ರಕಾರನ ಸಾಮಗ್ರಿಯಲ್ಲಿ ಸೇರಿರುವಾಗ ಅಂಟೊಂದನ್ನು ಮಾತ್ರ ಆಚಾರದಿಂದ ನಿರ್ಣಯಿಸುವುದು ನ್ಯಾಯವಲ್ಲ. ಹಾಗೆಯೇ ಅರಮನೆಯ ಗೋಡೆಗೆ ಹೇಳಿದ ವಿಧಿಯನ್ನು ಬಸದಿಯ ಓಲೆಗೆ ಯಥಾವತ್ತಾಗಿ ಆರೋಪಿಸುವುದೂ ಅತಿವ್ಯಾಪ್ತಿ. ಗೋಡೆಗೆ ಗಾರೆಯ ಆಧಾರವುಂಟು. ಓಲೆ ಬಾಗುತ್ತದೆ, ಅದರ ಮೈ ನುಣುಪು, ಬಣ್ಣ ಅದರ ಮೇಲೆ ಬೇರೆ ರೀತಿಯಲ್ಲಿ ನಿಲ್ಲುತ್ತದೆ. ಚರ್ಮದ ಅಂಟಿನ ಸಾರವೂ ಮರದ ಅಂಟಿನ ಸಾರವೂ ಅವರಕ್ತ ಕಿರಣಗಳ ಪರೀಕ್ಷೆಯಲ್ಲಿ ಬೇರೆ ಬೇರೆಯಾಗಿ ಕಾಣುತ್ತವೆ. ಹಾಗಿರುವಾಗ ಅನುಮಾನಕ್ಕಿಂತ ಪ್ರತ್ಯಕ್ಷವೇ ಶ್ರೇಯಸ್ಕರ.

ಮೂಡಬಿದಿರೆಯ ಓಲೆಗಳು ಪೂಜ್ಯವಾದವು. ಅವುಗಳಿಂದ ಸಾಸಿವೆಯಷ್ಟು ಬಣ್ಣವನ್ನು ಕೆರೆದರೂ ಒಂಬತ್ತು ಶತಮಾನಗಳಿಂದ ಉಳಿದುಬಂದ ವಸ್ತು ಮತ್ತೆಂದೂ ಕೂಡಿಬರದು. ವರ್ಣಗಳ ಪುನರ್ನಿರ್ಮಾಣದ ನಿಜವಾದ ಸಾರ್ಥಕ್ಯ ಇಲ್ಲಿದೆ. ಮೂಲಕ್ಕೆ ನೋವಾಗದಂತೆ, ಅದಕ್ಕೆ ಬದಲಾಗಿ ಪ್ರಶ್ನೆಗಳನ್ನು ಎದುರಿಸಬಲ್ಲ ಒಂದು ಪ್ರತಿಯನ್ನು ಅದು ಒದಗಿಸುತ್ತದೆ. ಸಂಸ್ಕರಿಸಿದ ಹೊಸ ಓಲೆಯ ಮೇಲೆ ಹರಿತಾಳ, ಇಂಗಲಿಕ, ನೀಲಿಗಳನ್ನು ಎರಡು ಬಗೆಯ ಅಂಟುಗಳಲ್ಲಿಯೂ ಹಚ್ಚಿ, ಯಾವ ಗ್ರಂಥದ ಯಾವ ಪಾಠದಂತೆ ಮಾಡಿದುದೆಂದು ಪ್ರತಿಯೊಂದಕ್ಕೂ ಬರೆದಿಟ್ಟರೆ, ಮೂಲವನ್ನು ಮುಟ್ಟದೆ ಬೆಳಕಿನಿಂದಲೇ ಹೋಲಿಸಿ ನೋಡಬಹುದು. ಮುಂದೆ ಇನ್ನೊಬ್ಬ ವಿದ್ವಾಂಸನು ಪಾಠವನ್ನು ತಿದ್ದಿದಾಗ ಯಾವ ಮಾದರಿ ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂಬುದು ಆಗ ಸ್ಪಷ್ಟವಾಗುವುದು.

ಪಾಠವನ್ನು ಶೋಧಿಸದ ರಸಾಯನಶಾಸ್ತ್ರವು ತಪ್ಪು ವಸ್ತುವನ್ನು ಅತ್ಯಂತ ಸೂಕ್ಷ್ಮವಾಗಿ ಅಳೆಯಬಹುದು. ವಸ್ತುವನ್ನು ಕಾಣದ ಪಾಂಡಿತ್ಯವು ಸರಿಯಾದ ಶಬ್ದಕ್ಕೆ ಶೂನ್ಯವಾದ ಅರ್ಥವನ್ನು ಹೇಳಬಹುದು. ಗ್ರಂಥಸಂಪಾದಕನೂ ರಸಾಯನಜ್ಞನೂ ಒಂದೇ ಮಣೆಯ ಮುಂದೆ ಕುಳಿತು ದೀರ್ಘವನ್ನೂ ರೇಖೆಯನ್ನೂ ಒಟ್ಟಿಗೆ ನೋಡಿದಾಗಲೇ ವರ್ಣವೆಂಬ ಶಬ್ದದ ಎರಡರ್ಥಗಳೂ ಶುದ್ಧವಾಗುವುವು.