ತುಳಸಜ್ಜಿಯನ್ನು ನಾವು ನೆನೆಯುವ ಬಗೆ

ಅಂಕೋಲಾ ತಾಲೂಕಿನ ಹೊನ್ನಳ್ಳಿಯಲ್ಲಿ 2024ರ ಡಿಸೆಂಬರ್ 16ರಂದು ತುಳಸಿ ಗೌಡ ತೀರಿಕೊಂಡರು. ಆಮೇಲೆ ಬಂದ ಶ್ರದ್ಧಾಂಜಲಿಗಳಲ್ಲಿ ಅವರು ಬೆಳೆಸಿದ ಗಿಡಗಳು ಒಂದು ಕಡೆ 30 ಸಾವಿರ, ಇನ್ನೊಂದು ಕಡೆ ಒಂದು ಲಕ್ಷ, ಮತ್ತೊಂದು ಕಡೆ ಲಕ್ಷಾಂತರ. ಯಾವುದು ಸರಿ ಎಂದು ಯಾರೂ ತಲೆಕೆಡಿಸಿಕೊಂಡಂತೆ ಕಾಣಲಿಲ್ಲ. ಅಜ್ಜಿಯೂ ಲೆಕ್ಕ ಇಟ್ಟವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಮಡಿ ಕಟ್ಟಿ, ಬೀಜ ಹಾಕಿ, ಬೇಸಿಗೆಯಿಡೀ ನೀರು ಹೊಯ್ದು, ಮಳೆ ಹಿಡಿದ ಮೇಲೆ ಸಸಿಗಳನ್ನು ಗಾಡಿಗೆ ತುಂಬಿಸಿ ಕಳಿಸುವ ಹೆಂಗಸು ಯಾವ ಗಿಡವನ್ನು ತನ್ನದೆಂದು ಎಣಿಸಬೇಕು? ಅವುಗಳಲ್ಲಿ ಎಷ್ಟು ಬದುಕಿದವು, ಎಷ್ಟು ದನದ ಬಾಯಿಗೆ ಹೋದವು ಎಂಬುದು ಅವರ ಕೈಮೀರಿದ ಮಾತು. ಆದರೂ ನಮಗೆ ಒಂದು ಅಂಕಿ ಬೇಕು. ಅಂಕಿ ಇಲ್ಲದ ಸಾಧನೆಯನ್ನು ಹೊಗಳುವುದು ನಮಗೆ ಬರುವುದಿಲ್ಲ.

ಸಾಲುಮರದ ತಿಮ್ಮಕ್ಕನವರ ಜೊತೆ ಇವರನ್ನು ಒಂದೇ ಉಸಿರಿನಲ್ಲಿ ಹೇಳುವ ರೂಢಿಯಿಂದಲೂ ಈ ಗೊಂದಲ ಬೆಳೆದಿದೆ. ಹುಲಿಕಲ್ ಬಳಿಯ ರಸ್ತೆಯ ಆಲದ ಮರಗಳನ್ನು ಯಾರು ಬೇಕಾದರೂ ಬೊಟ್ಟು ಮಾಡಿ ಎಣಿಸಬಹುದು. ತಿಮ್ಮಕ್ಕನವರದು ಗಂಡ ಹೆಂಡತಿ ಸೇರಿ ಸ್ವಂತ ಇಚ್ಛೆಯಿಂದ ಕೈಗೊಂಡ ಕೆಲಸ. ತುಳಸಿ ಗೌಡರದು ಕೂಲಿ. ತಂದೆಯನ್ನು ಎಳೆತನದಲ್ಲೇ ಕಳೆದುಕೊಂಡು, ತಾಯಿಯ ಜೊತೆ ಚಿಕ್ಕ ಹುಡುಗಿಯಾಗಿ ನರ್ಸರಿಗೆ ಕಾಲಿಟ್ಟವರು ಮೂರು ದಶಕಕ್ಕೂ ಹೆಚ್ಚು ಕಾಲ ದಿನಗೂಲಿಯವರಾಗಿಯೇ ದುಡಿದರು. ಖಾಯಂ ಆದದ್ದು ಆಮೇಲೆ. ಶ್ರದ್ಧಾಂಜಲಿಗಳು ಈ ಕೂಲಿಯ ಕಥೆಯನ್ನು ಒಂದು ಸಾಲಿನಲ್ಲಿ ಮುಗಿಸಿ, ಉಳಿದದ್ದನ್ನೆಲ್ಲ ಪ್ರಕೃತಿಪ್ರೇಮಕ್ಕೆ ಬಿಟ್ಟುಕೊಟ್ಟವು. ಪ್ರೇಮ ಇರಲಿಲ್ಲವೆಂದಲ್ಲ. ಪ್ರೇಮವೊಂದನ್ನೇ ಹೇಳಿದರೆ ಸಂಬಳದ ಮಾತು ಎತ್ತಬೇಕಾಗಿಲ್ಲ, ಅಷ್ಟೆ.

ಅವರ ನಿಜವಾದ ಹೆಚ್ಚುಗಾರಿಕೆ ಬೀಜದ ವಿಷಯದಲ್ಲಿತ್ತು. ಒಂದೇ ಜಾತಿಯ ಹಲವು ಮರಗಳ ನಡುವೆ ತಾಯಿಮರ ಯಾವುದೆಂದು ಗುರುತಿಸಿ, ಸರಿಯಾದ ಹೊತ್ತಿನಲ್ಲಿ ಅದರ ಬೀಜ ತರುವುದು ಅವರಿಗೆ ಕರಗತವಾಗಿತ್ತು. ಸುಲಭದ ಕೆಲಸವಲ್ಲ ಇದು. ಪಶ್ಚಿಮ ಘಟ್ಟದ ಬೀಜಗಳಿಗೆ ಒಂದೇ ನಿಯಮ ಇಲ್ಲ. ಹಲಸಿನ ಬೀಜವನ್ನು ಒಣಗಿಸಿಟ್ಟರೆ ಸತ್ತಿತು, ಹಸಿ ಇದ್ದಾಗಲೇ ಮಣ್ಣಿಗೆ ಹೋಗಬೇಕು. ಧೂಪದ ಬೀಜ ಮಳೆಗಾಲದಲ್ಲಿ ಬಿದ್ದಲ್ಲೇ ಮೊಳಕೆಯೊಡೆಯುತ್ತದೆ. ಮುಂದಿನ ತಿಂಗಳು ಹೋಗಿ ತಂದರಾಯಿತು ಎಂದುಕೊಂಡವನ ಕೈಗೆ ಕೊಳೆತದ್ದೇ ಸಿಗುವುದು. ತೇಗದ್ದು ತದ್ವಿರುದ್ಧ. ರಾತ್ರಿ ನೀರಲ್ಲಿ ನೆನೆಸಿ, ಹಗಲು ಬಿಸಿಲಿಗೆ ಹರಡಿ, ಹೀಗೆ ಹಲವು ದಿನ ಕಾಡಿದ ಮೇಲೇ ಅದರ ಗಟ್ಟಿ ಕಾಯಿ ಮೊಳಕೆಗೆ ಒಪ್ಪುವುದು. ನೆಲ್ಲಿಯದಾದರೆ ತಿರುಳು ತೆಗೆದು ಗೊರಟನ್ನು ಬಿಸಿಲಿಗಿಡಬೇಕು. ಅದು ತಾನೇ ಬಿರಿದು ಒಳಗಿನ ಸಣ್ಣ ಬೀಜ ಹೊರಗೆ ಬರುತ್ತದೆ. ಹೀಗೆ ಮುನ್ನೂರಕ್ಕೂ ಹೆಚ್ಚು ಜಾತಿಗಳನ್ನು ಅವರು ಬಲ್ಲವರಾಗಿದ್ದರು ಎನ್ನುತ್ತಾರೆ. ಆ ಅಂಕಿಯನ್ನು ಅರ್ಧಕ್ಕಿಳಿಸಿದರೂ ಅದು ಓದು ಬರಹ ಬಾರದ ಒಬ್ಬರ ತಲೆಯಲ್ಲಿದ್ದ ದೊಡ್ಡ ಶಾಸ್ತ್ರವೇ. ಎ. ಎನ್. ಯಲ್ಲಪ್ಪ ರೆಡ್ಡಿಯವರಂಥ ಅರಣ್ಯಾಧಿಕಾರಿಗಳು ಇದನ್ನು ಪ್ರಶಸ್ತಿಗಳ ಸುರಿಮಳೆಗೆ ಬಹಳ ಮೊದಲೇ ಕಂಡುಕೊಂಡಿದ್ದರು.

ಜೂನ್ 5ರ ಪರಿಸರ ದಿನದ ಸಮಾರಂಭಗಳಲ್ಲಿ ಇದರ ಸುಳಿವೇ ಇರುವುದಿಲ್ಲ. ಗುಂಡಿಯನ್ನು ಯಾರೋ ತೋಡಿಟ್ಟಿರುತ್ತಾರೆ, ಸಸಿ ಎಲ್ಲಿಂದಲೋ ಬಂದಿರುತ್ತದೆ, ಗಣ್ಯರು ಅದರ ಮೇಲೆ ಕೈಯಿಟ್ಟು ಕ್ಯಾಮೆರಾದ ಕಡೆ ನೋಡುತ್ತಾರೆ. ಬೀಜ ಆರಿಸಿದವರು, ಕಳೆ ಕಿತ್ತವರು ಆ ಫೋಟೊದಲ್ಲಿ ಇರುವುದಿಲ್ಲ. ಅಂಥ ವೇದಿಕೆಯ ಹಿಂದಿನ ಬ್ಯಾನರಿನಲ್ಲಿ ತುಳಸಿ ಗೌಡರ ಚಿತ್ರ ಹಾಕುವುದು ನನಗೆ ಅವರ ಕಸುಬನ್ನು ಅಣಕಿಸಿದಂತೆಯೇ ಕಾಣುತ್ತದೆ.

ಚಿತ್ರ ಅಂದಾಗ 2021ರ ನವೆಂಬರಿನದು ನೆನಪಾಗುತ್ತದೆ. 2020ರಲ್ಲಿ ಘೋಷಣೆಯಾಗಿದ್ದ ಪದ್ಮಶ್ರೀಯನ್ನು ಪಡೆಯಲು ಬರಿಗಾಲಲ್ಲಿ, ತಮ್ಮ ಹಾಲಕ್ಕಿ ಸಮುದಾಯದ ಹೆಂಗಸರ ಉಡುಗೆಯಲ್ಲಿ, ಕೊರಳ ತುಂಬ ಮಣಿಸರ ಹಾಕಿಕೊಂಡು ರಾಷ್ಟ್ರಪತಿ ಭವನದ ಕೆಂಪು ಹಾಸಿನ ಮೇಲೆ ನಡೆದುಬಂದ ಅಜ್ಜಿ. ಆ ಚಿತ್ರ ದೇಶವೆಲ್ಲ ಸುತ್ತಿತು. ಸಾವಿನ ನಂತರವೂ ಅದೇ ಚಿತ್ರ. ಅದರಲ್ಲಿ ಘನತೆ ಇದೆ, ಸಂಶಯವಿಲ್ಲ. ಆದರೆ ಎಲ್ಲರೂ ಬರೆದದ್ದು ಪಾದದ ಬಗ್ಗೆ, ಉಡುಗೆಯ ಬಗ್ಗೆ. ಅಂಕೋಲಾ ಸಂತೆಗೆ ಹೋದವರಿಗೆ ಆ ಉಡುಗೆ ಬೆರಗಿನ ಸಂಗತಿಯೇನಲ್ಲ. ಅಲ್ಲಿ ಹಾಗೆ ಉಟ್ಟವರು ತರಕಾರಿ ಮಾರುತ್ತ ಕೂತಿರುತ್ತಾರೆ. ದಿಲ್ಲಿಯ ಕಣ್ಣಿಗೆ ಬೆರಗಾದದ್ದನ್ನು ನಮ್ಮ ಪತ್ರಿಕೆಗಳೂ ಎರವಲು ತಂದು ಬೆರಗುಪಟ್ಟವು.

ಬಂದ ಗೌರವಗಳೆಲ್ಲ ಒಂದೇ ತೂಕದವಲ್ಲ. 1986ರ ಇಂದಿರಾ ಪ್ರಿಯದರ್ಶಿನಿ ವೃಕ್ಷಮಿತ್ರ, 1999ರ ರಾಜ್ಯೋತ್ಸವ ಪ್ರಶಸ್ತಿ, ಪದ್ಮಶ್ರೀ, ಕೊನೆಗೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್. ನನ್ನ ಮಟ್ಟಿಗೆ ಸರಿಯಾದ ಜಾಗಕ್ಕೆ ತಾಗಿದ್ದು ಈ ಕೊನೆಯದು. ಉಳಿದವು ಸೇವೆಯನ್ನು ಮೆಚ್ಚಿದವು. ಇದೊಂದು ಅವರ ತಿಳಿವಳಿಕೆಯನ್ನು ವಿದ್ಯೆಯ ಸಾಲಿನಲ್ಲಿ ಕೂರಿಸಿತು. ಪತ್ರಿಕೆಗಳಲ್ಲಿ ಅದಕ್ಕೆ ಸಿಕ್ಕ ಜಾಗ ಮಾತ್ರ ಚೂರೇ ಚೂರು.

ಇನ್ನೊಂದು ಸಂಗತಿ ಯಾವ ಭಾಷಣದಲ್ಲೂ ಬರುವುದಿಲ್ಲ. ಪದ್ಮಶ್ರೀ ಘೋಷಣೆಯಾದದ್ದು 2020ರ ಜನವರಿಯಲ್ಲಿ. ಅದೇ ಮಾರ್ಚಿನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗಕ್ಕೆ ಒಪ್ಪಿಗೆ ಕೊಟ್ಟಿತು. ಸುಮಾರು 595 ಹೆಕ್ಟೇರ್ ಕಾಡು ಬೇಡುವ ಯೋಜನೆ ಅದು. ವಿಷಯ ಹೈಕೋರ್ಟಿನ ಮೆಟ್ಟಿಲೇರಿತು. ರೈಲು ಬೇಕೋ ಬೇಡವೋ ಎಂಬುದಕ್ಕೆ ಕರಾವಳಿಯಲ್ಲೇ ಎರಡು ಅಭಿಪ್ರಾಯಗಳಿವೆ, ಎರಡಕ್ಕೂ ಕಾರಣಗಳಿವೆ. ನನ್ನ ತಕರಾರು ಬೇರೆ. ಒಂದೇ ತಾಲೂಕಿನ ಹೆಸರು ಎರಡು ತಿಂಗಳ ಅಂತರದಲ್ಲಿ ಎರಡು ಕಡತಗಳಲ್ಲಿ ಬಂದಾಗಲೂ ಅವನ್ನು ಪಕ್ಕಪಕ್ಕ ಇಟ್ಟು ಓದದೆ ಅಜ್ಜಿಯನ್ನು ಕೊಂಡಾಡಲು ನಮಗೆ ಸಾಧ್ಯವಾಯಿತು. ಇಲಾಖೆಯ ಬಗ್ಗೆಯೂ ಹೀಗೇ. ಉತ್ತರ ಕನ್ನಡದ ಗುಡ್ಡಗಳ ಮೇಲೆ ಅಕೇಶಿಯಾ ನೆಡುತೋಪುಗಳನ್ನು ಹಬ್ಬಿಸಿದ್ದು ಅವರು ದುಡಿದ ಇಲಾಖೆಯೇ. ಅದರ ನರ್ಸರಿಯಲ್ಲೇ ಕಾಡುಮರಗಳ ಬೀಜ ಬಲ್ಲ ತುಳಸಿ ಗೌಡರಂಥವರೂ ಇದ್ದರು. ಅವರನ್ನು ಬರಿಯ ದೇವತೆ ಮಾಡಿಬಿಟ್ಟರೆ ಈ ಇಕ್ಕಟ್ಟು ಕಣ್ಣಿಗೇ ಬೀಳುವುದಿಲ್ಲ.

ಅವರನ್ನು ಬುಡಕಟ್ಟಿನ ಹೆಣ್ಣುಮಗಳು ಎಂದು ಎಲ್ಲರೂ ಬರೆದರು. ಹಾಲಕ್ಕಿ ಒಕ್ಕಲಿಗರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂಬುದು ಆ ಸಮುದಾಯದ ಎಷ್ಟೋ ವರ್ಷಗಳ ಬೇಡಿಕೆ. ಬಡಗೇರಿಯ ಸುಕ್ರಿ ಬೊಮ್ಮಗೌಡರು ಸಿಕ್ಕ ವೇದಿಕೆಗಳಲ್ಲಿ ಅದನ್ನೇ ಕೇಳುತ್ತಿದ್ದರು. ಸಾರಾಯಿಯ ವಿರುದ್ಧ ಊರ ಹೆಂಗಸರನ್ನು ಕಟ್ಟಿಕೊಂಡು ಹೋರಾಡಿದ, ಹಾಡುಗಳ ಆ ಸುಕ್ರಜ್ಜಿ 2025ರ ಫೆಬ್ರುವರಿಯಲ್ಲಿ ಹೋದರು, ತುಳಸಜ್ಜಿ ಹೋದ ಎರಡೇ ತಿಂಗಳಿಗೆ. ಇಬ್ಬರೂ ಪದ್ಮಶ್ರೀ, ಒಂದೇ ತಾಲೂಕು, ಒಂದೇ ಸಮುದಾಯ. ಇಬ್ಬರೂ ಕಣ್ಣು ಮುಚ್ಚುವ ಹೊತ್ತಿಗೆ ಆ ಬೇಡಿಕೆ ಈಡೇರಿರಲಿಲ್ಲ.

ಸುಕ್ರಜ್ಜಿಯ ಹಾಡುಗಳು ಧ್ವನಿಮುದ್ರಣದಲ್ಲಿ ಉಳಿದಿವೆ. ತುಳಸಜ್ಜಿಯ ವಿದ್ಯೆ ರೆಕಾರ್ಡರಿಗೆ ಅಷ್ಟು ಸುಲಭವಾಗಿ ಒಗ್ಗುವಂಥದಲ್ಲ. ಕಾಯಿ ಬಲಿತಿದೆಯೋ ಇಲ್ಲವೋ ಎಂಬುದನ್ನು ಬೆರಳಲ್ಲಿ ಒತ್ತಿ ನೋಡುವುದು ಜೊತೆಗೆ ಕೆಲವು ಮಳೆಗಾಲ ಮಡಿಯ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತವರಿಗಷ್ಟೇ ಬರುತ್ತದೆ. ಹಾಗೆ ಕೂತ ಹೆಂಗಸರು ಇಲಾಖೆಯ ನರ್ಸರಿಗಳಲ್ಲಿ ಇವತ್ತೂ ಇದ್ದಾರೆ, ದಿನಗೂಲಿಯ ಮೇಲೆ. ಅಜ್ಜಿಯ ಹೆಸರಲ್ಲಿ ಉದ್ಯಾನವೋ ಪ್ರತಿಮೆಯೋ ಎಂದು ಹಣ ತೆಗೆದಿರಿಸುವವರು ಆ ಹಾಜರಿ ಪಟ್ಟಿಯನ್ನು ಒಮ್ಮೆ ತರಿಸಿ ನೋಡಬಹುದು. ಅದರಲ್ಲಿ ತುಳಸಿ ಗೌಡರ ಹೆಸರು ಖಾಯಂ ಆಗಲು ಮೂರು ದಶಕ ದಾಟಬೇಕಾಯಿತು.