ಶಾಕುಂತಲದಲ್ಲಿ ಧೀವರನ ವಿಚಾರಣೆ

ಕಾಳಿದಾಸನ ಅಭಿಜ್ಞಾನಶಾಕುಂತಲವನ್ನು ಮೂಲದಲ್ಲಾಗಲಿ, ಬಸವಪ್ಪಶಾಸ್ತ್ರಿಗಳ ಕನ್ನಡದಲ್ಲಾಗಲಿ ಓದಿದವರು ನಾಲ್ಕನೆಯ ಅಂಕದ ಬೀಳ್ಕೊಡುಗೆಯನ್ನು ಮರೆಯರು. ಐದನೆಯ ಅಂಕದ ನಿರಾಕರಣವನ್ನೂ ಮರೆಯರು. ಆರನೆಯ ಅಂಕದ ಮೊದಲಲ್ಲಿ ಬರುವ ಬೆಸ್ತನ ಪ್ರವೇಶಕವನ್ನು ಮಾತ್ರ ಹಲವರು ನಗೆಯ ತುಣುಕೆಂದು ತಿಳಿದು ದಾಟಿಬಿಡುವರು. ಶೋಕದಿಂದ ಭಾರವಾದ ಪ್ರೇಕ್ಷಕರ ಮನಸ್ಸಿಗೆ ವಿಶ್ರಾಂತಿ ಕೊಡಲೆಂದು ಕವಿಯು ಇದನ್ನು ಇರಿಸಿದನೆಂಬುದು ಸಾಮಾನ್ಯವಾದ ಅಭಿಪ್ರಾಯ. ಅದರಲ್ಲಿ ಸತ್ಯವುಂಟು. ಆದರೂ ಸಾವಧಾನದಿಂದ ಪರ್ಯಾಲೋಚಿಸಿದರೆ, ನಾಟಕದ ಎರಡನೆಯ ವಿಚಾರಣೆಯು ಇಲ್ಲಿ ನಡೆಯುವುದೆಂದೂ, ಮೊದಲನೆಯ ವಿಚಾರಣೆಯಲ್ಲಿ ಆದ ಅನ್ಯಾಯವು ಇದರಿಂದಲೇ ಬಯಲಾಗುವುದೆಂದೂ ವಿದಿತವಾಗುವುದು.

ಪ್ರಸಂಗವು ಇಷ್ಟು. ರಾಜನ ಹೆಸರು ಕೆತ್ತಿದ ಮಣಿಯುಂಗುರವೊಂದು ಬೆಸ್ತನ ಕೈಯಲ್ಲಿ ಸಿಕ್ಕಿದೆ. ನಗರರಕ್ಷಣೆಯ ಅಧಿಕಾರಿಯಾದ ರಾಜಶ್ಯಾಲನೂ, ಸೂಚಕ ಜಾನುಕರೆಂಬ ಇಬ್ಬರು ಭಟರೂ ಅವನ ಕೈಗಳನ್ನು ಹಿಂಗಟ್ಟು ಕಟ್ಟಿ, ಹೊಡೆಯುತ್ತ ಕರೆತರುವರು. ಯೋಗ್ಯನಾದ ಬ್ರಾಹ್ಮಣನೆಂದು ರಾಜನೇ ನಿನಗೆ ದಾನಕೊಟ್ಟನೋ ಎಂದು ಹಾಸ್ಯಮಾಡುವರು. ತಾನು ಶಕ್ರಾವತಾರದಲ್ಲಿ ವಾಸಿಸುವ ಬೆಸ್ತನೆಂದೂ, ರೋಹಿತ ಮೀನೊಂದನ್ನು ಕೊಯ್ದಾಗ ಅದರ ಹೊಟ್ಟೆಯಲ್ಲಿ ಉಂಗುರವು ಕಂಡಿತೆಂದೂ, ಮಾರಲು ತೋರಿಸುತ್ತಿದ್ದಾಗ ಸೆರೆಸಿಕ್ಕಿದೆನೆಂದೂ ಅವನು ಹೇಳುವನು. ಸಾಕ್ಷಿಗಳಿಲ್ಲ. ಭಟರಾದರೋ ವಧ್ಯನ ಕೊರಳಿಗೆ ಹೂಮಾಲೆ ಕಟ್ಟಲು ತವಕಪಡುತ್ತಿರುವರು.

ಕಳವಿನ ವಸ್ತು ಯಾರ ಬಳಿ ಇರುವುದೋ ಅವನೇ ಕಳ್ಳನೆಂಬ ಊಹೆಯು ಲೋಕದಲ್ಲಿ ಬಹು ಪ್ರಾಚೀನವಾದುದು. ಮಾಲು ಸಿಕ್ಕದೆ ಕಳ್ಳನನ್ನು ವಧಿಸಬಾರದೆಂದೂ, ಮಾಲೂ ಉಪಕರಣವೂ ಸಹಿತ ಸಿಕ್ಕಿದವನ ವಿಷಯದಲ್ಲಿ ಹಿಂದೆಮುಂದೆ ನೋಡಬೇಕಾದುದಿಲ್ಲವೆಂದೂ ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯವು ವಿಧಿಸುವುದು. ಕೌಟಿಲ್ಯನು ಇನ್ನೂ ಎಚ್ಚರಿಕೆಯವನು. ಕಳ್ಳನಲ್ಲದವನೂ ಕಳ್ಳರ ದಾರಿಯಲ್ಲಿ ಅಕಸ್ಮಾತ್ತಾಗಿ ಸಿಕ್ಕಬಹುದು, ಕಳವಿನ ಮಾಲಿನ ಸಮೀಪದಲ್ಲಿದ್ದುದರಿಂದಲೇ ಸೆರೆಗೆ ಬೀಳಬಹುದು ಎಂದು ಹೇಳಿ, ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣದಲ್ಲಿ ಅವನು ಮಾಂಡವ್ಯನನ್ನು ಉದಾಹರಿಸುವನು. ಕಳ್ಳರು ಬಚ್ಚಿಟ್ಟ ದ್ರವ್ಯವು ಆಶ್ರಮದಲ್ಲಿ ಸಿಕ್ಕಿದುದರಿಂದ ಶೂಲಕ್ಕೇರಿದ ಆ ಋಷಿಯ ಕಥೆಯನ್ನು ಭಾರತವನ್ನು ಓದಿದ ಮನೆಗಳಲ್ಲಿ ಎಲ್ಲರೂ ಬಲ್ಲರು. ಈ ಕಾಲದ ಶಾಸನವೂ ಅದೇ ದಾರಿಯದು. ಕಳವಾದ ಸ್ವಲ್ಪಕಾಲದಲ್ಲಿಯೇ ವಸ್ತುವು ಯಾವನ ವಶದಲ್ಲಿ ಕಾಣುವುದೋ ಅವನು ಅದು ಬಂದ ಬಗೆಯನ್ನು ವಿವರಿಸದಿದ್ದರೆ, ಅವನನ್ನು ಕಳ್ಳನೆಂದಾಗಲಿ, ತಿಳಿದೂ ಕಳವಿನ ಮಾಲನ್ನು ಪಡೆದವನೆಂದಾಗಲಿ ನ್ಯಾಯಾಲಯವು ಊಹಿಸಬಹುದೆಂದು ೧೮೭೨ರ ಸಾಕ್ಷ್ಯ ಶಾಸನದ ೧೧೪ನೆಯ ಪ್ರಕರಣವು ಹೇಳಿತು. ಅದರ ಸ್ಥಾನದಲ್ಲಿ ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ೨೦೨೩ರ ಭಾರತೀಯ ಸಾಕ್ಷ್ಯ ಅಧಿನಿಯಮವೂ ೧೧೯ನೆಯ ಪ್ರಕರಣದಲ್ಲಿ ಇದನ್ನೇ ಉಳಿಸಿಕೊಂಡಿದೆ. ಇಲ್ಲಿ ‘ಊಹಿಸಬಹುದು’ ಎಂದಿದೆಯೇ ಹೊರತು ‘ಊಹಿಸತಕ್ಕದ್ದು’ ಎಂದಿಲ್ಲ. ವಿವರಣೆಯನ್ನು ಕೇಳುವ ಕಿವಿಯೊಂದು ಇರಬೇಕೆಂಬುದೇ ಇದರ ಜೀವಾಳ.

ಪ್ರವೇಶಕದಲ್ಲಿ ಆ ಕಿವಿಯು ಶ್ಯಾಲನದು. ಅವನೇನೂ ಸಾಧುವಲ್ಲ, ಬೆಸ್ತನ ವೃತ್ತಿಯನ್ನು ಹಳಿದು ನಗುವವನು. ಆದರೂ, ಇವನು ಎಲ್ಲವನ್ನೂ ಕ್ರಮವಾಗಿ ಹೇಳಲಿ, ನಡುವೆ ತಡೆಯಬೇಡಿರಿ ಎಂದು ಭಟರನ್ನು ಗದರಿಸುವನು. ಹೇಳಿಕೆ ಮುಗಿದಮೇಲೆ ಮೈಯಿಂದ ಬರುವ ಹಸಿಮೀನಿನ ವಾಸನೆಯನ್ನು ಗಮನಿಸಿ, ಇವನು ಬೆಸ್ತನೆಂಬುದು ನಿಜ, ಉಂಗುರ ಸಿಕ್ಕಿದ ಬಗೆಯನ್ನು ವಿಮರ್ಶಿಸಬೇಕು ಎಂದು ಅರಮನೆಗೆ ಹೋಗುವನು. ಜಾತಿಯನ್ನು ಹಳಿಯಲು ನೆಪವಾದ ವಾಸನೆಯೇ ಆ ಬಡವನ ಪಾಲಿಗೆ ಸಾಕ್ಷಿಯಾಯಿತು. ಇಂತಹ ಅಲ್ಪವಾದ ವಿವರದಲ್ಲಿ ಕವಿಯ ಲೋಕಜ್ಞಾನವು ಎದ್ದು ಕಾಣುವುದು.

ಇನ್ನು ಐದನೆಯ ಅಂಕವನ್ನು ಇದರ ಪಕ್ಕದಲ್ಲಿ ಇರಿಸಿ ನೋಡತಕ್ಕುದು. ಶಕುಂತಲೆಯು ಉಂಗುರವನ್ನು ತೋರಿಸಹೊರಟು ಬೆರಳನ್ನು ಮುಟ್ಟಿಕೊಂಡಾಗ ಅದು ಬರಿದಾಗಿರುವುದು. ಶಕ್ರಾವತಾರದ ಶಚೀತೀರ್ಥದಲ್ಲಿ ನೀರಿಗೆ ವಂದಿಸುವಾಗ ಜಾರಿರಬೇಕೆಂದು ಗೌತಮಿಯು ಹೇಳಿದರೆ, ದುಷ್ಯಂತನು ಅದನ್ನು ಹೆಂಗಸರ ಸಮಯಸ್ಫೂರ್ತಿಯೆಂದು ನಗುವನು. ಜಿಂಕೆಯ ಮರಿಯ ಕಥೆಯನ್ನು ನೆನಪಿಸಿದರೆ ಅದನ್ನೂ ಸವಿಯಾದ ಸುಳ್ಳೆನ್ನುವನು. ಅವಳಲ್ಲಿ ಸತ್ಯವಿತ್ತು, ವಸ್ತುವಿರಲಿಲ್ಲ. ಬೆಸ್ತನಲ್ಲಿ ವಸ್ತುವಿತ್ತು, ಅದೇ ಅವನಿಗೆ ಮೃತ್ಯುವಾಗಲಿತ್ತು. ಇಬ್ಬರ ಮಾತಿಗೂ ಬೆಲೆಯಿಲ್ಲ. ಗೌತಮಿಯ ಬಾಯಲ್ಲಿ ಬಂದ ಶಕ್ರಾವತಾರದ ಹೆಸರೇ ಬೆಸ್ತನ ಬಾಯಲ್ಲಿಯೂ ಬರುವುದು. ಒಬ್ಬರನ್ನೊಬ್ಬರು ಕಂಡರಿಯದ ಇಬ್ಬರ ಹೇಳಿಕೆಗಳು ಹೀಗೆ ಕೂಡುವುದು ಕಾಕತಾಳೀಯವಲ್ಲ; ರಾಜಸಭೆಯಲ್ಲಿ ಶಕುಂತಲೆಗೆ ದೊರೆಯದ ಸಾಕ್ಷ್ಯವನ್ನು ಕವಿಯು ಬೆಸ್ತನಿಂದ ಹೇಳಿಸುತ್ತಿರುವನು. ದುರ್ವಾಸನ ಶಾಪವು ರಾಜನ ದೋಷವನ್ನು ಕಡಮೆಮಾಡುವುದೆಂಬುದು ನಿಜ. ಆದರೆ ಶಾಪವು ನೆನಪನ್ನು ಕಸಿದುಕೊಂಡಿತೇ ಹೊರತು ಪೂರ್ತಿಯಾಗಿ ವಿಚಾರಿಸುವ ಸಹನೆಯನ್ನು ಕಸಿಯಲಿಲ್ಲ. ಸಿಂಹಾಸನದಲ್ಲಿದ್ದವನು ತೋರದ ಸಹನೆಯನ್ನು ಬೀದಿಯಲ್ಲಿ ಅವನ ಮೈದುನನು ತೋರಿದನು.

ಶೂದ್ರಕನ ಮೃಚ್ಛಕಟಿಕದ ಒಂಬತ್ತನೆಯ ಅಂಕವು ಈ ವಿಷಯಕ್ಕೆ ಇನ್ನೊಂದು ನಿದರ್ಶನ. ವಸಂತಸೇನೆಯ ಆಭರಣಗಳು ಮೈತ್ರೇಯನ ಕಂಕುಳಿನಿಂದ ನ್ಯಾಯಸಭೆಯಲ್ಲಿಯೇ ಬೀಳುವುವು. ನಿರಪರಾಧಿಯಾದ ಚಾರುದತ್ತನು ಕೊಲೆಗಾರನೆನಿಸುವನು. ಅಲ್ಲಿ ನ್ಯಾಯಾಧಿಕಾರಿಯು ದಯಾಳು. ಆದರೂ, ದರಿದ್ರನ ಮಾತನ್ನು ಯಾರೂ ನಂಬರೆಂದು ತಿಳಿದ ಚಾರುದತ್ತನು ವಿವರಿಸದೆ ಉಳಿದುದರಿಂದ ವಸ್ತುವೇ ತೀರ್ಪು ಹೇಳಿತು. ಬೆಸ್ತನು ಅಂಜುತ್ತಲಾದರೂ ಮಾತನಾಡಿದುದರಿಂದ ಬದುಕಿದನು.

ಪ್ರವೇಶಕದ ಕೊನೆಯನ್ನು ಪೂರಾ ನಗೆಯೆನ್ನುವುದು ಕಷ್ಟ. ಉಂಗುರದ ಬೆಲೆಯಷ್ಟು ಧನವನ್ನು ರಾಜನು ಬೆಸ್ತನಿಗೆ ಬಹುಮಾನವಾಗಿ ಕಳುಹಿಸುವನು. ತಿಂದ ಪೆಟ್ಟಿಗೆ ಯಾರೂ ಕ್ಷಮೆ ಕೇಳುವುದಿಲ್ಲ. ಭಟರು ಅಸೂಯೆಯಿಂದ ನೋಡಲು, ಅವನೇ ಅರ್ಧವನ್ನು ಹೂವಿನ ಬೆಲೆಯೆಂದು ಅವರಿಗೆ ಒಪ್ಪಿಸುವನು. ಅವರು ಅದು ನ್ಯಾಯವೆಂದು ತೆಗೆದುಕೊಳ್ಳುವರು. ಶ್ಯಾಲನು ಕೂಡಲೇ ಅವನನ್ನು ಪ್ರಿಯಮಿತ್ರನೆಂದು ಕರೆದು, ಮದ್ಯವನ್ನೇ ಸಾಕ್ಷಿಯಾಗಿಟ್ಟು ಸ್ನೇಹ ಬೆಳೆಸೋಣವೆಂದು ಎಲ್ಲರನ್ನೂ ಹೆಂಡದಂಗಡಿಗೆ ನಡೆಸುವನು. ಪ್ರಾಣವು ತೂಗುತ್ತಿದ್ದಾಗ ಒಬ್ಬ ಸಾಕ್ಷಿಯೂ ದೊರೆಯದವನಿಗೆ ಹಣ ಬಂದಮೇಲೆ ಸಾಕ್ಷಿಯು ತಾನಾಗಿಯೇ ದೊರೆಯಿತು. ಅತ್ತ ಅರಮನೆಯೊಳಗೆ ಉಂಗುರವನ್ನು ಕಂಡ ರಾಜನು, ಗಂಭೀರಸ್ವಭಾವದವನಾದರೂ, ಕ್ಷಣಕಾಲ ಕಲಗಿದ ಕಣ್ಣುಳ್ಳವನಾದನೆಂದು ಶ್ಯಾಲನೇ ವರದಿ ಮಾಡುವನು. ಬೆಸ್ತನು ಬಿಡುಗಡೆಯಾದ ಗಳಿಗೆಯಲ್ಲಿಯೇ ನ್ಯಾಯಾಧೀಶನ ವಿಚಾರಣೆಯು ಮೊದಲಾಯಿತು. ಅದು ಮುಗಿಯುವುದಕ್ಕೆ ಏಳನೆಯ ಅಂಕದವರೆಗೆ ಕಾಯಬೇಕಾಯಿತು.